ಲಗೂನಾ 69

ಪೆರು ದೇಶದ ಆಂಕಾಶ್ ಪ್ರಾಂತದಲ್ಲಿ, ಆಂಡೀಸ್ ಪರ್ವತಗಳ ಕೊರ್ಡಿಯೆರಾ ಬ್ಲಾಂಕಾ ಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 4,600 ಮೀಟರ್ ಎತ್ತರದಲ್ಲಿರುವ ಹಿಮನದಿ ಸರೋವರ. ಹುವಾಸ್ಕರಾನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಚಾಕ್ರರಾಹು (ಸುಮಾರು 6,110 ಮೀ.) ಶಿಖರದ ಬುಡದಲ್ಲಿದ್ದು, ಅದರ ಹಿಮನದಿಯಿಂದ ಇಳಿಯುವ ಕರಗುನೀರೇ ಇದರ ಮೂಲ. ಸೆಬೊಯಾಪಂಪಾ ಎಂಬ ಹುಲ್ಲುಗಾವಲಿನಿಂದ ಹೊರಟು, ಸರೋವರವನ್ನು ಕಂಡು, ಅದೇ ದಿನ ಮರಳುವ ಕಾಲುದಾರಿ ದಕ್ಷಿಣ ಅಮೆರಿಕದ ಹೆಸರಾದ ಒಂದು ದಿನದ ಚಾರಣಗಳಲ್ಲೊಂದು. ಹೋಗಿಬರಲು ಒಟ್ಟು 13–14 ಕಿ.ಮೀ.; ಏರು 700 ಮೀಟರಿಗೆ ತುಸು ಹೆಚ್ಚು. ಅಂಕಿಗಳನ್ನಷ್ಟೇ ನೋಡಿದವರು ಇದರಲ್ಲೇನಿದೆ ಅನ್ನಬಹುದು. ಕಷ್ಟವಿರುವುದು ಎತ್ತರದಲ್ಲಿ, ಅದಕ್ಕಿಂತ ಹೆಚ್ಚಾಗಿ ಆ ಎತ್ತರವನ್ನು ಒಂದೇ ಬೆಳಗ್ಗೆ ಮುಟ್ಟಿ ಬರುವ ಅವಸರದಲ್ಲಿ.

ಹೆಸರಿನಲ್ಲಿರುವ 69 ಸರೋವರಗಳ ಗಣತಿಯಲ್ಲಿ ಬಂದ ಕ್ರಮಸಂಖ್ಯೆ. ಬ್ಲಾಂಕಾ ಸಾಲಿನ ನೂರಾರು ಕೆರೆ-ಸರೋವರಗಳನ್ನು ಪಟ್ಟಿ ಮಾಡಿದಾಗ ಹಲವಕ್ಕೆ ಸಂಖ್ಯೆಯೇ ಹೆಸರಾಗಿ ಉಳಿಯಿತು. ಇಂದು ಪ್ರವಾಸಿಗಳು ನೋಡಿ ಬೆರಗಾಗುವ ಇಂಥ ಸರೋವರಗಳನ್ನು ಇಲ್ಲಿನ ಎಂಜಿನಿಯರುಗಳು ದಶಕಗಳಿಂದ ಎಣಿಸಿ, ಅಳೆದು, ಕಾಯುತ್ತ ಬಂದಿರುವುದು ಭಯದಿಂದ. ಆ ಕಥೆ ಮುಂದೆ ಬರುತ್ತದೆ.

ನೆಲೆ

ಕೊರ್ಡಿಯೆರಾ ಬ್ಲಾಂಕಾ, ಅಂದರೆ ಬಿಳಿಯ ಸಾಲು, ಉಷ್ಣವಲಯದ ಪರ್ವತಸಾಲುಗಳಲ್ಲೆಲ್ಲ ಎತ್ತರದ್ದು. ಉದ್ದ ಸುಮಾರು 180 ಕಿ.ಮೀ. ಇದರ ನೆತ್ತಿಯಾದ ಹುವಾಸ್ಕರಾನ್ (6,768 ಮೀ.) ಪೆರುವಿನ ಅತ್ಯುನ್ನತ ಶಿಖರ. ಪಶ್ಚಿಮದಲ್ಲಿ ಇದಕ್ಕೆ ಎದುರಾಗಿ ಹಿಮವಿಲ್ಲದ ಕೊರ್ಡಿಯೆರಾ ನೆಗ್ರಾ, ಅಂದರೆ ಕರಿಯ ಸಾಲು, ನಿಂತಿದೆ. ಎರಡರ ನಡುವಿನ ನೀಳ ಕಣಿವೆಗೆ ಕಯೆಹೋನ್ ದೆ ಹುವಾಯ್ಲಾಸ್ ಎಂದು ಹೆಸರು. ಅದರ ತಳದಲ್ಲಿ ಸಾಂತಾ ನದಿ ಉತ್ತರಕ್ಕೆ ಹರಿದು, ಕೊನೆಗೆ ಪಶ್ಚಿಮಕ್ಕೆ ತಿರುಗಿ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಪ್ರಾಂತದ ರಾಜಧಾನಿ ಹುವಾರಾಸ್ (ಸುಮಾರು 3,050 ಮೀ.) ಇದೇ ಕಣಿವೆಯಲ್ಲಿದೆ, ಚಾರಣಿಗರ ಬೀಡೂ ಅದೇ.

ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಒಂಬತ್ತು ಡಿಗ್ರಿ ದೂರದಲ್ಲಿ ಹಿಮನದಿಗಳಿರುವುದು ಎತ್ತರದ ದೆಸೆಯಿಂದ. ಜಗತ್ತಿನ ಉಷ್ಣವಲಯದ ಹಿಮನದಿಗಳಲ್ಲಿ ಸುಮಾರು ಶೇ. 70 ಪೆರುವಿನಲ್ಲಿವೆ, ಅವುಗಳ ಅತಿ ದೊಡ್ಡ ಗುಂಪು ಈ ಸಾಲಿನದು. ಇವುಗಳ ನಡೆ ಹಿಮಾಲಯದ ಅಥವಾ ಆಲ್ಪ್ಸ್‌ನ ಹಿಮನದಿಗಳಂತಲ್ಲ. ಇಲ್ಲಿ ಬೇಸಿಗೆ-ಚಳಿಗಾಲಗಳ ನಡುವೆ ಇರುವ ಉಷ್ಣತೆಯ ಅಂತರಕ್ಕಿಂತ ಹಗಲು-ಇರುಳುಗಳ ಅಂತರವೇ ಹೆಚ್ಚು. ಮೇಲ್ಭಾಗದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಹಿಮ ಕೂಡುತ್ತದೆ; ಕೆಳತುದಿ ಮಾತ್ರ ವರ್ಷವಿಡೀ ಕರಗುತ್ತಲೇ ಇರುತ್ತದೆ. ಚಳಿಗಾಲದ ಬಿಡುವು ಎಂಬುದು ಇಲ್ಲದ್ದರಿಂದ ವಾತಾವರಣ ಸ್ವಲ್ಪ ಬಿಸಿಯಾದರೂ ಈ ಹಿಮನದಿಗಳು ಅದನ್ನು ಬೇಗ ತೋರಿಸಿಕೊಡುತ್ತವೆ.

ಸಾಲಿನ ತಿರುಳು ಗ್ರ್ಯಾನೊಡಯೊರೈಟ್ ಶಿಲೆ. ಬಹುಭಾಗ ಒಂದು ಕೋಟಿ ವರ್ಷಕ್ಕಿಂತ ಈಚಿನದು, ಭೂವಿಜ್ಞಾನದ ಲೆಕ್ಕಕ್ಕೆ ಎಳೆಯದು. ಸರೋವರದ ಬಣ್ಣಕ್ಕೂ ಈ ಶಿಲೆಗೂ ಸಂಬಂಧವಿದೆ. ಹಿಮನದಿ ತನ್ನ ತಳದಲ್ಲಿ ಸಿಕ್ಕ ಕಲ್ಲುಗಳನ್ನು ಬಂಡೆಗೆ ಉಜ್ಜಿ ಅರೆಯುತ್ತ ಸಾಗುತ್ತದೆ. ಹೀಗೆ ಹುಟ್ಟಿದ ನುಣುಪಾದ ಕಲ್ಲುಹಿಟ್ಟು ಕರಗುನೀರಿನೊಡನೆ ಕೆಳಗಿಳಿಯುತ್ತದೆ. ದಪ್ಪ ಕಣಗಳು ತಳ ಸೇರುತ್ತವೆ; ಕಣ್ಣಿಗೆ ಕಾಣದಷ್ಟು ಸಣ್ಣವು ತಿಂಗಳುಗಟ್ಟಲೆ ನೀರಿನಲ್ಲೇ ತೇಲುತ್ತವೆ. ಬೆಳಕಿನ ಕೆಂಪು ಭಾಗವನ್ನು ನೀರು ಹೀರಿಕೊಂಡರೆ, ಉಳಿದ ನೀಲಿ-ಹಸಿರನ್ನು ಈ ಕಣಗಳು ಚದುರಿಸಿ ಹೊರಚೆಲ್ಲುತ್ತವೆ. ಹಿಟ್ಟು ಹೆಚ್ಚಾದ ಸರೋವರ ಹಾಲುಬೂದಿಯ ಬಣ್ಣಕ್ಕೆ ತಿರುಗುತ್ತದೆ, ಹಿಟ್ಟೇ ಇಲ್ಲದ್ದು ಕಪ್ಪಗೆ ಕಾಣುತ್ತದೆ. ಲಗೂನಾ 69 ಇವೆರಡರ ನಡುವಿನ ಹದದಲ್ಲಿದೆ. ಬಿಸಿಲು ನೇರವಾಗಿ ಬಿದ್ದಾಗಲೇ ಅದರ ನೀಲಿ ಪೂರ್ತಿ ಅರಳುವುದು. ಮೋಡ ಕವಿದ ದಿನ ಹೋದವರಿಗೆ ಚಿತ್ರಗಳಲ್ಲಿ ಕಂಡ ಬಣ್ಣ ಸಿಗುವುದಿಲ್ಲ.

ಯಾಂಗನುಕೊ ದಾರಿ

ಹುವಾರಾಸ್‌ನಿಂದ ಚಾರಣದ ಬಸ್ಸುಗಳು ನಸುಕಿಗೆ ಮುಂಚೆಯೇ ಹೊರಡುತ್ತವೆ. ಸಾಂತಾ ನದಿಯ ಗುಂಟ ಯುಂಗಾಯ್ ಪಟ್ಟಣದವರೆಗೆ ಡಾಂಬರು ರಸ್ತೆ. ಅಲ್ಲಿಂದ ಪೂರ್ವಕ್ಕೆ ತಿರುಗಿ ಕಚ್ಚಾರಸ್ತೆಯಲ್ಲಿ ಏರು. ಒಟ್ಟು ಮೂರು ತಾಸಿನ ಪ್ರಯಾಣ. ಹೆಚ್ಚಿನವರು ತೂಕಡಿಸುತ್ತ ದಾಟಿಬಿಡುವ ಈ ರಸ್ತೆಯ ಪಕ್ಕದಲ್ಲೇ ಸಾವಿರಾರು ಜನರ ಸಮಾಧಿಸ್ಥಳವಿದೆ.

1970ರ ಮೇ 31, ಭಾನುವಾರ ಮಧ್ಯಾಹ್ನ. ಮೆಕ್ಸಿಕೊದಲ್ಲಿ ವಿಶ್ವಕಪ್ ಫುಟ್‌ಬಾಲ್ ಆರಂಭವಾದ ದಿನ. ಪೆರು ಕರಾವಳಿಯಾಚೆ ಸಮುದ್ರದಡಿಯಲ್ಲಿ 7.9 ಪ್ರಮಾಣದ ಭೂಕಂಪವಾಯಿತು. ಹುವಾಸ್ಕರಾನ್‌ನ ಉತ್ತರ ಶಿಖರದ ಒಂದು ಮುಖವೇ ಕಳಚಿ, ಹಿಮ-ಬಂಡೆ-ಕೆಸರುಗಳ ರಾಶಿ ಕೆಲವೇ ನಿಮಿಷಗಳಲ್ಲಿ ಯುಂಗಾಯ್ ಪಟ್ಟಣವನ್ನು ಹೂತುಹಾಕಿತು. ಆ ಊರೊಂದರಲ್ಲೇ ಸತ್ತವರು 20,000 ಆಸುಪಾಸು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಭೂಕಂಪದ ಒಟ್ಟು ಸಾವು ಸುಮಾರು 70,000. ಊರ ಸ್ಮಶಾನದ ಗುಡ್ಡ ಹತ್ತಿದವರು ಉಳಿದರು, ಸರ್ಕಸ್ಸು ನೋಡಲು ಹೋಗಿದ್ದ ಮಕ್ಕಳು ಉಳಿದರು. ಯಾಂಗನುಕೊ ಸರೋವರದ ಬಳಿ ಬಿಡಾರ ಹೂಡಿದ್ದ ಚೆಕೊಸ್ಲೊವಾಕಿಯಾದ ಪರ್ವತಾರೋಹಿಗಳ ತಂಡ ಅದೇ ಗಳಿಗೆಯಲ್ಲಿ ಇನ್ನೊಂದು ಕುಸಿತಕ್ಕೆ ಸಿಕ್ಕಿ ನಾಶವಾಯಿತು. ಹಳೆಯ ಊರಿನ ಜಾಗವನ್ನು ಅಗೆಯದೆ ಸ್ಮಾರಕವಾಗಿ ಉಳಿಸಿ, ಹೊಸ ಯುಂಗಾಯ್ ಕಟ್ಟಿದ್ದು ಸ್ವಲ್ಪ ಉತ್ತರಕ್ಕೆ.

ರಸ್ತೆ ಮುಂದೆ ಹುವಾಸ್ಕರಾನ್ ಮತ್ತು ಹುವಾಂಡೊಯ್ (6,395 ಮೀ.) ಶಿಖರಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ನುಗ್ಗುತ್ತದೆ. ಉದ್ಯಾನದ ಚೀಟಿ ಪಡೆಯುವುದು ಇಲ್ಲಿ. ಚಿನಾನ್‌ಕೋಚಾ ಮತ್ತು ಒರ್ಕೋನ್‌ಕೋಚಾ ಎಂಬ ಜೋಡಿ ಸರೋವರಗಳನ್ನು, ಅಂದರೆ ಕೆಚುವಾ ಮಾತಿನಲ್ಲಿ ಹೆಣ್ಣುಕೆರೆ ಮತ್ತು ಗಂಡುಕೆರೆಗಳನ್ನು, ದಾಟಿ ಬಸ್ಸು 3,900 ಮೀಟರ್ ಎತ್ತರದ ಸೆಬೊಯಾಪಂಪಾದ ಮೇಲೆ ನಿಲ್ಲುತ್ತದೆ. ರಸ್ತೆ ಅಲ್ಲಿಗೆ ಮುಗಿಯದೆ 4,767 ಮೀಟರಿನ ಯಾಂಗನುಕೊ ಘಟ್ಟದ ನೆತ್ತಿಯವರೆಗೆ ಹಾವಿನಂತೆ ಏರಿ ಆಚೆ ಇಳಿಯುತ್ತದೆ. ಪಿಸ್ಕೊ (5,752 ಮೀ.) ಶಿಖರ ಹತ್ತುವವರೂ ಈ ಹುಲ್ಲುಗಾವಲಿನಿಂದಲೇ ಹೊರಡುತ್ತಾರೆ.

ಕಾಲುದಾರಿ

ಮೊದಲ ಒಂದು ತಾಸು ದಾರಿ ಚಾರಣಿಗನನ್ನು ಮೋಸಗೊಳಿಸುತ್ತದೆ. ರಸ್ತೆಯಿಂದ ಕೆಳಗಿಳಿದು, ಹೊಳೆ ದಾಟಿ, ದೆಮಾಂಡಾ ಕಣಿವೆಯಲ್ಲಿ ನೀರಿನ ಪಕ್ಕದಲ್ಲಿ ಸಮತಟ್ಟಾದ ನಡಿಗೆ. ದನಗಳು ದಾರಿಯ ಮೇಲೆಯೇ ಮಲಗಿ ಮೆಲುಕು ಹಾಕುತ್ತಿರುತ್ತವೆ. ಎಬ್ಬಿಸಿದರೆ ಏಳುವುದಿಲ್ಲ, ಬಳಸಿಕೊಂಡು ಹೋಗಬೇಕು. ಹೊಳೆಯಂಚಿನ ಸೊಟ್ಟಮೈಯ ಮರ ಕೆನ್ಯುವಾಲ್. ತುಕ್ಕುಗೆಂಪಿನ ತೊಗಟೆ ಕಾಗದದಂಥ ತೆಳು ಪದರಗಳಾಗಿ ಸುಲಿದು ಗಾಳಿಗೆ ಪಟಪಟ ಅನ್ನುತ್ತದೆ. ಒಂದನ್ನು ಎಳೆದರೆ ಅದರಡಿ ಇನ್ನೊಂದು. ಚಳಿಯಿಂದ ಕಾಂಡವನ್ನು ಕಾಪಾಡುವುದು ಈ ಪದರಗಳೇ. ಜಗತ್ತಿನಲ್ಲಿ ಅತಿ ಎತ್ತರದಲ್ಲಿ ಬೆಳೆಯುವ ಮರಗಳ ಕುಲಕ್ಕೆ ಇದು ಸೇರುತ್ತದೆ. ಸೌದೆಗೂ ಇದ್ದಿಲಿಗೂ ಕಡಿದು ಕಡಿದು ಆಂಡೀಸ್‌ನಲ್ಲಿ ಇದರ ಕಾಡು ಈಗ ಅಲ್ಲಲ್ಲಿ ತುಣುಕುಗಳಾಗಿ ಉಳಿದಿದೆ.

ಎರಡೂ ಬದಿಯ ಬಂಡೆಗೋಡೆಗಳಿಂದ ನೀರು ಬೀಳುತ್ತಿರುತ್ತದೆ. ಕಣಿವೆ ಮುಗಿದಂತೆ ಕಾಣುವಲ್ಲಿ ದಾರಿ ಗೋಡೆಗೆ ಏರತೊಡಗುತ್ತದೆ. ಅಂಕುಡೊಂಕಾದರೂ ಸಲೀಸಾದ ಕಾಲುದಾರಿ. ಕೈಯೂರಿ ಹತ್ತಬೇಕಾದ ಜಾಗವಿಲ್ಲ, ಹಗ್ಗ ಬೇಕಿಲ್ಲ, ಜಾರಿ ಬೀಳುವ ಭಯವೂ ಕಡಿಮೆ. ಆದರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲದೆ ಮುಂದೆ ಸಾಗದು. ಏರಿ ಮುಗಿದಾಗ ಒಂದು ಪುಟ್ಟ ಕೊಳ ಎದುರಾಗುತ್ತದೆ. ಇದೇ ಲಗೂನಾ 69 ಎಂದುಕೊಂಡು ಚೀಲ ಇಳಿಸುವವರು ಪ್ರತಿದಿನವೂ ಇರುತ್ತಾರೆ. ಕೊಳದಾಚೆ ಮತ್ತೊಂದು ಬಯಲು, ನೆಲವೆಲ್ಲ ಒದ್ದೆ, ಇಚು ಹುಲ್ಲಿನ ಕುಚ್ಚುಗಳು. ಬಿಳಿ-ಕಪ್ಪು ರೆಕ್ಕೆಯ ಆಂಡೀಸ್ ಹೆಬ್ಬಾತುಗಳು ಜೋಡಿಯಾಗಿ ಮೇಯುತ್ತಿರುತ್ತವೆ. ಬಂಡೆಸಂದಿಯಲ್ಲಿ ಮೊಲದ ಮುಖ, ಅಳಿಲಿನ ಬಾಲ ಇರುವ ವಿಸ್ಕಾಚಾ ಬಿಸಿಲು ಕಾಯಿಸುತ್ತ ಕೂತಿರುವುದುಂಟು.

ಬಯಲಿನ ಕೊನೆಗೆ ಕೊನೆಯ ಏರು. ಉದ್ದ ಹೆಚ್ಚಿಲ್ಲದಿದ್ದರೂ ಜನ ಸೋಲುವುದು ಇಲ್ಲಿಯೇ. ಅಲ್ಲಿಯವರೆಗೆ ಮೂರು ತಾಸು ನಡೆದಾಗಿದೆ, 4,400 ಮೀಟರ್ ದಾಟಿದೆ, ಬಯಲಿನಲ್ಲಿ ನಡೆದು ಕಾಲು ಸಡಿಲವಾಗಿದೆ. ಏರು ಮುಗಿಯುವವರೆಗೂ ಸರೋವರ ಕಾಣುವುದಿಲ್ಲ. ದಿಬ್ಬದ ತಿರುವು ದಾಟಿದೊಡನೆ ಒಮ್ಮೆಲೇ ಇಡೀ ನೀಲಿ ಎದುರಿಗೆ ಬಂದು ನಿಲ್ಲುತ್ತದೆ. ಮೇಲೆ ಚಾಕ್ರರಾಹುವಿನ ಹಿಮಗೋಡೆ. ಅದರ ಬಂಡೆಮೈಯಿಂದ ಕರಗುನೀರು ಎಳೆಯಾಗಿ ಸರೋವರಕ್ಕೆ ಇಳಿಯುತ್ತದೆ. ಆಗಾಗ ಮೇಲೆಲ್ಲೋ ಹಿಮ ಕಳಚಿದ ಸದ್ದು ಮೊದಲು ಬರುತ್ತದೆ, ಎಲ್ಲಿ ಎಂದು ಕಣ್ಣು ಹುಡುಕುವಷ್ಟರಲ್ಲಿ ಬಿಳಿಯ ಧೂಳಷ್ಟೇ ಉಳಿದಿರುತ್ತದೆ. ಚಾಕ್ರರಾಹುವನ್ನು ಹತ್ತಲಾಗದ ಶಿಖರವೆಂದೇ ಬಹುಕಾಲ ನಂಬಲಾಗಿತ್ತು. 1956ರಲ್ಲಿ ಲಿಯೊನೆಲ್ ತೆರೇ ಮುಂದಾಳುತನದ ಫ್ರೆಂಚ್ ತಂಡ ಅದರ ಪಶ್ಚಿಮ ತುದಿಯನ್ನು ಮುಟ್ಟಿತು.

ಒಣ ತಿಂಗಳುಗಳಾದ ಮೇನಿಂದ ಸೆಪ್ಟೆಂಬರ್‌ವರೆಗೆ ಚಾರಣದ ಕಾಲ. ಆಗ ದಂಡೆಯ ತುಂಬ ಜನ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಕೆಸರು, ಮಂಜು. ಒಣಗಾಲದಲ್ಲೂ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದು ಸಾಮಾನ್ಯ. ಪಂಥ ಕಟ್ಟಿ ನೀರಿಗೆ ಧುಮುಕುವವರೂ ಇದ್ದಾರೆ. ಹಿಮದಿಂದ ಆಗತಾನೇ ಕರಗಿ ಬಂದ ನೀರಿಗೆ ಬಿದ್ದ ಮೈ ಮೊದಲ ಕ್ಷಣದಲ್ಲಿ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಉಸಿರಿಗೇ ಬರವಿರುವ ಎತ್ತರದಲ್ಲಿ ಇಂಥ ಆಟ ಯಾಕೆ ಎಂದು ಕೇಳಬೇಕಾಗುತ್ತದೆ.

ಉಸಿರಿನ ಲೆಕ್ಕ

4,600 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 58ರ ಆಸುಪಾಸು. ಗಾಳಿಯಲ್ಲಿ ಆಮ್ಲಜನಕದ ಪಾಲು ಕೆಳಗಿನಂತೆ ಶೇ. 21 ಇದ್ದೇ ಇರುತ್ತದೆ. ಒತ್ತಡ ಇಳಿದುದರಿಂದ ಪ್ರತಿ ಉಸಿರಿನಲ್ಲಿ ಒಳಹೋಗುವ ಅಣುಗಳು ಕಡಿಮೆ. ನೀರು ಸುಮಾರು 85 ಡಿಗ್ರಿಯಲ್ಲೇ ಕುದಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳ ಲೆಕ್ಕದಲ್ಲಿ. ಮೊದಲು ಉಸಿರು ಬಿರುಸಾಗುತ್ತದೆ, ಆಮೇಲೆ ಮೂತ್ರಪಿಂಡಗಳು ರಕ್ತದ ಕ್ಷಾರತೆಯನ್ನು ಸರಿಪಡಿಸುತ್ತವೆ, ಕೆಂಪುಕಣಗಳು ಹೆಚ್ಚಲು ವಾರಗಳೇ ಬೇಕು.

ತಲೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಊಟ ಸೇರದಿರುವುದು: ಇವು ಎತ್ತರದ ಕಾಯಿಲೆಯ ಮೊದಲ ಕುರುಹುಗಳು. ಇದಕ್ಕೆ ಆಂಡೀಸ್‌ನಲ್ಲಿ ಸೊರೊಚೆ ಎನ್ನುತ್ತಾರೆ. ನಡಿಗೆ ತೂರಾಡತೊಡಗಿದರೆ ಮಿದುಳಿನಲ್ಲಿ, ಕುಳಿತಾಗಲೂ ಏದುಸಿರು ನಿಲ್ಲದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ಶಂಕಿಸಬೇಕು. ಎರಡಕ್ಕೂ ಮೊದಲ ಮದ್ದು ತಡಮಾಡದೆ ಕೆಳಗಿಳಿಯುವುದು. ಪೆರುವಿನ ಘಟ್ಟವೊಂದರಲ್ಲಿ ತಾನು ಪಟ್ಟ ಇಂಥದೇ ಪಾಡನ್ನು ಜೆಸುಯಿಟ್ ಪಾದ್ರಿ ಹೋಸೆ ದೆ ಅಕೋಸ್ತಾ 1590ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅಲ್ಲಿನ ಗಾಳಿ ಮನುಷ್ಯನ ಉಸಿರಿಗೆ ಆಗದಷ್ಟು ತೆಳುವಾದದ್ದು ಎಂಬ ಊಹೆಯನ್ನೂ ಮುಂದಿಟ್ಟಿದ್ದಾನೆ. ಎತ್ತರದಲ್ಲೇ ಬಾಳುವವರಿಗೂ ಬರುವ ದೀರ್ಘಕಾಲದ ಕಾಯಿಲೆಯನ್ನು 1920ರ ದಶಕದಲ್ಲಿ ಗುರುತಿಸಿದವರು ಲಿಮಾದ ವೈದ್ಯ ಕಾರ್ಲೋಸ್ ಮೊಂಗೆ ಮೆದ್ರಾನೊ. ಅದಕ್ಕೆ ಇಂದಿಗೂ ಅವರ ಹೆಸರಿದೆ.

ಲಿಮಾ ಇರುವುದು ಕಡಲಂಚಿನಲ್ಲಿ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಹುವಾರಾಸ್‌ಗೆ ಇಳಿದವರು ಮಾರನೆಯ ದಿನವೇ ಲಗೂನಾ 69ಕ್ಕೆ ಹೊರಟರೆ ಎರಡು ದಿನದೊಳಗೆ 4,600 ಮೀಟರ್ ಏರಿದಂತಾಯಿತು. ಲೇಹ್‌ಗೆ ವಿಮಾನದಲ್ಲಿ ಹೋದವರಿಗೆ ಅಲ್ಲಿ ಎರಡು ದಿನ ಸುಮ್ಮನೆ ಬಿದ್ದುಕೊಂಡಿರಿ ಎಂದು ಹೇಳುತ್ತಾರಲ್ಲ, ಹುವಾರಾಸ್‌ನಲ್ಲೂ ಅದೇ ವಿವೇಕ ಬೇಕು. ಎರಡು-ಮೂರು ದಿನ ತಂಗಿ, ಒಂದೆರಡು ತಗ್ಗಿನ ಸರೋವರಗಳಿಗೆ ನಡೆದು ಬಂದವರಿಗೆ ಈ ಚಾರಣ ಸುಲಭವಲ್ಲದಿದ್ದರೂ ಹಿತವಾಗಿರುತ್ತದೆ. ಮೇಲೇರಿ ಮತ್ತೆ ತಗ್ಗಿಗೆ ಬಂದು ಮಲಗುವುದು ಇದರ ಅನುಕೂಲ. ಅಸೆಟಜೋಲಮೈಡ್ ಮಾತ್ರೆ ದೇಹ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ, ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಕೋಕಾ ಎಲೆಯ ಚಹಾ ಎಲ್ಲೆಲ್ಲೂ ಸಿಗುತ್ತದೆ. ಬೆಚ್ಚಗಿರುತ್ತದೆ ಎನ್ನುವುದಕ್ಕಿಂತ ಹೆಚ್ಚು ಭರವಸೆಯನ್ನು ಅದರ ಮೇಲೆ ಇಡಬೇಕಿಲ್ಲ.

ಇನ್ನೊಂದು ವಿಚಿತ್ರವನ್ನು ಇಲ್ಲೇ ಹೇಳಬಹುದು. 2013ರಲ್ಲಿ ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದ ತಂಡ ಸಿದ್ಧಪಡಿಸಿದ ಗುರುತ್ವದ ನಕ್ಷೆಯ ಪ್ರಕಾರ ಭೂಮಿಯ ಮೇಲೆ ಗುರುತ್ವ ಅತಿ ಕಡಿಮೆಯಿರುವುದು ಹುವಾಸ್ಕರಾನ್‌ನ ಮೇಲೆ. ಅದರ ಮಗ್ಗುಲಲ್ಲೇ ಏರುತ್ತಿರುವ ಚಾರಣಿಗನಿಗೆ ಮಾತ್ರ ಬೆನ್ನಿನ ಚೀಲ ಹಗುರಾದಂತೆ ಅನಿಸುವುದಿಲ್ಲ.

ಸರೋವರಗಳ ಭಯ

ಹಿಮನದಿ ಹಿಂದೆ ಸರಿದಾಗ ಅದು ಮೊದಲು ತಳ್ಳಿ ಒಟ್ಟಿದ ಕಲ್ಲುಮಣ್ಣಿನ ದಿಣ್ಣೆ, ಅಂದರೆ ಮೊರೇನ್, ಅಲ್ಲಿಯೇ ಉಳಿಯುತ್ತದೆ. ದಿಣ್ಣೆಗೂ ಹಿಮಕ್ಕೂ ನಡುವಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಯಾರೂ ಕಟ್ಟದ, ಯಾರೂ ಪರೀಕ್ಷಿಸದ ಅಣೆಕಟ್ಟು ಅದು. ಮೇಲಿನಿಂದ ಹಿಮದ ಬಂಡೆಯೊಂದು ನೀರಿಗೆ ಬಿದ್ದರೆ ಎದ್ದ ಅಲೆ ದಿಣ್ಣೆಯನ್ನು ಕೊರೆದು ಇಡೀ ಸರೋವರವನ್ನು ಕಣಿವೆಗೆ ಸುರಿಯಬಲ್ಲದು.

1941ರ ಡಿಸೆಂಬರ್ 13ರ ಬೆಳಗ್ಗೆ ಹುವಾರಾಸ್‌ನ ಮೇಲಿನ ಪಾಲ್ಕಾಕೋಚಾ ಸರೋವರ ಹೀಗೆ ಒಡೆಯಿತು. ನಗರದ ದೊಡ್ಡ ಭಾಗ ಕೊಚ್ಚಿಹೋಯಿತು, ಸತ್ತವರು ಸಾವಿರಾರು. 1945ರಲ್ಲಿ ಚಾವಿನ್, 1950ರಲ್ಲಿ ಲೋಸ್ ಸೆದ್ರೋಸ್ ಕಣಿವೆಗಳಲ್ಲಿ ಇಂಥವೇ ಪ್ರವಾಹಗಳು ಬಂದವು. 1951ರಲ್ಲಿ ಸರ್ಕಾರ ಈ ಸರೋವರಗಳ ನಿಯಂತ್ರಣಕ್ಕೆಂದೇ ಆಯೋಗವೊಂದನ್ನು ಸ್ಥಾಪಿಸಿತು. ಎಂಜಿನಿಯರುಗಳು ಕತ್ತೆ-ಕುದುರೆಗಳ ಮೇಲೆ ಸಾಮಾನು ಹೇರಿ ಒಂದೊಂದೇ ಸರೋವರಕ್ಕೆ ಹೋಗಿ, ನೀರು ತಗ್ಗಿಸಿ, ಕಾಲುವೆ ತೋಡಿ, ಒಡ್ಡು ಕಟ್ಟಿ ಬಂದರು. ಹಿಮಸರೋವರಗಳನ್ನು ಪಳಗಿಸುವ ಇಂಥ ಕೆಲಸದಲ್ಲಿ ಪೆರುವಿಗೆ ಇರುವಷ್ಟು ಹಳೆಯ ಅನುಭವ ಜಗತ್ತಿನಲ್ಲಿ ಕೆಲವೇ ದೇಶಗಳಿಗಿದೆ.

ಅದರ ಫಲ ಕಂಡದ್ದು ಇನ್ನೊಂದು ಸಂಖ್ಯೆಯ ಸರೋವರದಲ್ಲಿ. ಕಾರ್ಹುವಾಸ್ ಪಟ್ಟಣದ ಮೇಲಿರುವ ಲಗೂನಾ 513ಕ್ಕೆ 1990ರ ದಶಕದ ಆರಂಭದಲ್ಲಿ ಬಂಡೆಯೊಳಗೆ ಸುರಂಗ ಕೊರೆದು ನೀರಿನ ಮಟ್ಟವನ್ನು ಸುಮಾರು 20 ಮೀಟರ್ ಇಳಿಸಲಾಗಿತ್ತು. 2010ರ ಏಪ್ರಿಲ್ 11ರಂದು ಹುವಾಲ್ಕಾನ್ ಶಿಖರದಿಂದ ಹಿಮ-ಬಂಡೆಗಳ ರಾಶಿ ಅದಕ್ಕೆ ಬಿತ್ತು. ಎದ್ದ ಅಲೆ ಅಷ್ಟು ಎತ್ತರದ ಬಂಡೆಯಂಚನ್ನೂ ಹಾರಿತು. ಹೊಲ-ಸೇತುವೆಗಳು ಹೋದವು, ಜೀವ ಹೋಗಲಿಲ್ಲ. ಸುರಂಗವಿಲ್ಲದೆ ಸರೋವರ ತುಂಬಿದ್ದರೆ ಏನಾಗುತ್ತಿತ್ತೆಂದು ಕಾರ್ಹುವಾಸ್‌ನವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಮೇಲೆ ಅಲ್ಲಿ ಮುನ್ನೆಚ್ಚರಿಕೆಯ ಯಂತ್ರಗಳನ್ನು ನಿಲ್ಲಿಸಲಾಯಿತು. 2016ರ ಬರಗಾಲದಲ್ಲಿ, ಮಳೆಯನ್ನು ಓಡಿಸುತ್ತಿರುವುದು ಈ ಯಂತ್ರಗಳೇ ಎಂದು ನಂಬಿದ ಸುತ್ತಲಿನ ಹಳ್ಳಿಗರು ಅವನ್ನು ಕಿತ್ತುಹಾಕಿದರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನೀರಿನ ಹಿಡಿತ ಯಾರ ಕೈಯಲ್ಲಿದೆ ಎಂಬ ಹಳೆಯ ಅನುಮಾನವೂ ಅದರಲ್ಲಿ ಸೇರಿತ್ತು.

ಭಾರತಕ್ಕೆ ಈ ವಿಷಯ ದೂರದ್ದಲ್ಲ. 2023ರ ಅಕ್ಟೋಬರ್ ಮೊದಲ ವಾರ ಸಿಕ್ಕಿಮಿನ ದಕ್ಷಿಣ ಲ್ಹೋನಾಕ್ ಸರೋವರ ಒಡೆದು ಚುಂಗ್‌ಥಾಂಗ್‌ನ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಯಿತು. ಅಲ್ಲೂ 2016ರಲ್ಲಿ ಕೊಳವೆ ಹಾಕಿ ನೀರು ಹೊರಸೆಳೆಯುವ ಪ್ರಯತ್ನ ನಡೆದಿತ್ತು, ಅದು ಸಾಲಲಿಲ್ಲ.

ಪಾಲ್ಕಾಕೋಚಾ ಮತ್ತೆ ಬೆಳೆದಿದೆ. 2009ರ ಅಳತೆಯಲ್ಲಿ ಅದರಲ್ಲಿ 1.7 ಕೋಟಿ ಘನಮೀಟರ್ ನೀರಿತ್ತು. ಕೊಳವೆಗಳ ಮೂಲಕ ಅದನ್ನು ತಗ್ಗಿಸುವ ಕೆಲಸ ನಡೆದಿದೆ. ಹುವಾರಾಸ್‌ನ ರೈತ ಮತ್ತು ಪರ್ವತ ಮಾರ್ಗದರ್ಶಿ ಸೌಲ್ ಲುಸಿಯಾನೊ ಯೂಯಾ 2015ರಲ್ಲಿ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಮೇಲೆ ದಾವೆ ಹೂಡಿದರು: ಜಗತ್ತಿನ ಹೊಗೆಯಲ್ಲಿ ಕಂಪನಿಯ ಪಾಲೆಷ್ಟೋ ರಕ್ಷಣೆಯ ಖರ್ಚಿನಲ್ಲೂ ಅಷ್ಟು ಪಾಲು ಕೊಡಲಿ ಎಂದು. 2025ರ ಮೇ ತಿಂಗಳಲ್ಲಿ ಹಾಮ್ ನಗರದ ನ್ಯಾಯಾಲಯ, ಅವರ ಮನೆಗಿರುವ ಅಪಾಯ ಸಾಲದಷ್ಟು ಸಣ್ಣದೆಂದು ದಾವೆಯನ್ನು ತಳ್ಳಿಹಾಕಿತು. ಇಂಥ ಹಾನಿಗೆ ಕಂಪನಿಗಳನ್ನು ತಾತ್ವಿಕವಾಗಿ ಹೊಣೆ ಮಾಡಬಹುದೆಂಬ ಮಾತನ್ನೂ ಅದೇ ತೀರ್ಪು ಹೇಳಿತು.

ಉದ್ಯಾನ ಮತ್ತು ನೀರು

ಹುವಾಸ್ಕರಾನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದು 1975ರಲ್ಲಿ. ವಿಸ್ತಾರ ಸುಮಾರು 3,40,000 ಹೆಕ್ಟೇರ್. 1977ರಲ್ಲಿ ಯುನೆಸ್ಕೊ ಇದನ್ನು ಜೀವಗೋಲ ರಕ್ಷಿತ ಪ್ರದೇಶವೆಂದೂ 1985ರಲ್ಲಿ ವಿಶ್ವಪರಂಪರೆಯ ತಾಣವೆಂದೂ ಗುರುತಿಸಿತು. ಒಳಗೆ ದನ ಮೇಯಿಸುವ ಹಕ್ಕು ಸುತ್ತಲಿನ ಹಳ್ಳಿಗಳಿಗೆ ಉಳಿದಿದೆ, ಹಾಗಾಗಿಯೇ ದಾರಿಯ ಮೇಲೆ ಆ ದನಗಳು.

ಬ್ಲಾಂಕಾ ಸಾಲಿನ ಹಿಮದ ಹೊದಿಕೆ 20ನೆಯ ಶತಮಾನದ ಮಧ್ಯಭಾಗದಲ್ಲಿ 720 ಚದರ ಕಿ.ಮೀ.ಗಳಷ್ಟಿದ್ದದ್ದು ಈಚಿನ ಗಣತಿಗಳಲ್ಲಿ 450ರ ಆಸುಪಾಸಿಗೆ ಇಳಿದಿದೆ. ಹಿಮನದಿ ಕರಗತೊಡಗಿದಾಗ ಮೊದಲು ಹೊಳೆಯಲ್ಲಿ ನೀರು ಹೆಚ್ಚುತ್ತದೆ. ಹಿಮ ತೀರಾ ಕುಗ್ಗಿದ ಮೇಲೆ ಒಣಗಾಲದ ಹರಿವು ಇಳಿಯತೊಡಗುತ್ತದೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸಾಂತಾ ನದಿಯ ಒಂಬತ್ತು ಜಲಾನಯನಗಳನ್ನು ಪರೀಕ್ಷಿಸಿದಾಗ, ಏಳು ಹರಿವಿನ ಆ ಗರಿಷ್ಠ ಹಂತವನ್ನು ಬಹುಶಃ ದಾಟಿಯಾಗಿದೆ. ಲಗೂನಾ 69ರಿಂದ ಹೊರಬಿದ್ದ ನೀರು ದೆಮಾಂಡಾ ಕಣಿವೆ, ಯಾಂಗನುಕೊ ಸರೋವರಗಳ ಮೂಲಕ ಇದೇ ಸಾಂತಾಕ್ಕೆ ಸೇರುತ್ತದೆ. ನದಿಯ ನೀರು ಕಾನ್ಯೋನ್ ದೆಲ್ ಪಾತೊ ಕಮರಿಯಲ್ಲಿ ವಿದ್ಯುತ್ತಾಗಿ, ಕರಾವಳಿಯ ಮರಳುಗಾಡಿನಲ್ಲಿ ಚಾವಿಮೋಚಿಕ್ ಕಾಲುವೆಗಳ ಮೂಲಕ ಆಸ್ಪರಾಗಸ್, ಬೆಣ್ಣೆಹಣ್ಣು, ಬ್ಲೂಬೆರಿಗಳಾಗಿ ಹಡಗು ಹತ್ತುತ್ತದೆ.

ಚಾಕ್ರರಾಹುವಿನ ಇನ್ನೊಂದು ಮಗ್ಗುಲಿನ ನೀರು ಇಳಿಯುವುದು ಪರೋನ್‌ಗೆ, ಬ್ಲಾಂಕಾ ಸಾಲಿನ ಅತಿ ದೊಡ್ಡ ಸರೋವರಕ್ಕೆ. ಅದು ಒಡೆದರೆ ಕಾರಾಸ್ ಪಟ್ಟಣಕ್ಕೆ ಅಪಾಯವೆಂದು 1980ರ ದಶಕದಲ್ಲಿ ಸುರಂಗ ಕೊರೆದು ಮಟ್ಟ ತಗ್ಗಿಸಲಾಯಿತು. ಮುಂದೆ ಆ ಸುರಂಗದ ತೂಬು ವಿದ್ಯುತ್ ಕಂಪನಿಯ ಕೈಗೆ ಹೋಗಿ, ಕಂಪನಿ ತನಗೆ ಬೇಕಾದಾಗ ನೀರು ಬಿಡತೊಡಗಿತು. ಕೆಳಗಿನ ರೈತರ ಕಾಲುವೆಗಳು ಒಮ್ಮೆ ಕೆಸರಿನಿಂದ ತುಂಬಿ, ಇನ್ನೊಮ್ಮೆ ಬತ್ತಿದವು. 2008ರಲ್ಲಿ ಕಾರಾಸ್ ಸುತ್ತಲಿನ ಹಳ್ಳಿಗರು ಒಟ್ಟಾಗಿ ಮೇಲೆ ಹತ್ತಿ ಹೋಗಿ ತೂಬನ್ನು ತಮ್ಮ ವಶಕ್ಕೆ ತೆಗೆದುಕೊಂಡರು.